ಫೋಟೊ ಈಗ, ಫೋಕಸ್ ಆಮೇಲೆ: ಲೈಟ್ ಫೀಲ್ಡ್ ಕ್ಯಾಮೆರಾ ತೆತ್ತ ಬೆಲೆ

ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ನಿಂತಿದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಎದ್ದುಹೋಯಿತು, ಚರ್ಚಿನ ಗೋಡೆ, ಕಮಾನುಗಳು ಉಳಿದವು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೆಲ್ಲ ನಡೆದಾಡಬಹುದು. ಕ್ಯಾಮೆರಾ ಹೊತ್ತು ಬಂದವರಿಗೆ ಅಲ್ಲೊಂದು ತೊಡಕು ಎದುರಾಗುತ್ತದೆ. ಕಮಾನಿಗೆ ಒತ್ತಿ ನಿಂತು, ಮೊಳ ದೂರದ ಇಟ್ಟಿಗೆ ಸಂದಿನಲ್ಲಿ ಬೆಳೆದ ಹುಲ್ಲಿಗೆ ಫೋಕಸ್ ಮಾಡಿದರೆ ಆಚೆ ತುದಿಯ ಗೋಡೆ ಮಸುಕು. ಗೋಡೆಗೆ ಮಾಡಿದರೆ ಹುಲ್ಲು ಮಸುಕು.

ಈ ಆಯ್ಕೆಯ ಗೋಜೇ ಬೇಡ ಎನ್ನುತ್ತ 2012ರಲ್ಲಿ ಅಮೆರಿಕದ ಲೈಟ್ರೋ ಕಂಪನಿ ಒಂದು ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಕೈಯಲ್ಲಿ ಹಿಡಿಯುವಂಥ ಚೌಕ ಕೊಳವೆ, ಬೆಲೆ 399 ಡಾಲರ್. ಮೊದಲು ಕ್ಲಿಕ್ಕಿಸಿ, ಫೋಕಸ್ ಎಲ್ಲಿರಬೇಕೆಂದು ಮನೆಗೆ ಹೋಗಿ ಕಂಪ್ಯೂಟರ್ ಮುಂದೆ ಕೂತು ತೀರ್ಮಾನಿಸಿ ಎಂಬುದು ಅದರ ಭರವಸೆ. ಭರವಸೆ ಸುಳ್ಳಾಗಲಿಲ್ಲ. ತೆಗೆದ ಚಿತ್ರದಲ್ಲಿ ಹುಲ್ಲನ್ನು ಒತ್ತಿದರೆ ಹುಲ್ಲು, ಗೋಡೆಯನ್ನು ಒತ್ತಿದರೆ ಗೋಡೆ ತಿಳಿಯಾಗುವಂಥ ಕ್ಯಾಮೆರಾ ಅದು. ಆದರೆ ಚಿತ್ರವನ್ನು ಹಿಗ್ಗಿಸಿ ನೋಡಿದವರು ನಿರಾಶರಾದರು. ಅದರಲ್ಲಿದ್ದದ್ದು 1080×1080, ಅಂದರೆ ಹನ್ನೊಂದೂವರೆ ಲಕ್ಷ ಚಿಲ್ಲರೆ ಪಿಕ್ಸೆಲ್. ಕೆಲವೇ ತಿಂಗಳ ಹಿಂದೆ, 2011ರಲ್ಲಿ ಬಂದಿದ್ದ ಐಫೋನ್ 4ಎಸ್ ಕೂಡ 80 ಲಕ್ಷ ಪಿಕ್ಸೆಲ್‌ಗಳ ಫೋಟೊ ಕೊಡುತ್ತಿತ್ತು.

ಕ್ಯಾಮೆರಾ ಕಳಪೆಯಾಗಿತ್ತೇ? ಇಲ್ಲ. ಅದರ ಸೆನ್ಸರ್‌ನಲ್ಲಿ 1.1 ಕೋಟಿ ಪಿಕ್ಸೆಲ್‌ಗಳಿದ್ದವು. ಅವುಗಳಿಗೆ ಬೇರೆ ಕೆಲಸ ವಹಿಸಲಾಗಿತ್ತು, ಅಷ್ಟೆ.

ಮಾಮೂಲಿ ಕ್ಯಾಮೆರಾದ ಸೆನ್ಸರ್‌ಗೆ ತನ್ನ ಮೇಲೆ ಎಷ್ಟು ಬೆಳಕು ಬಿತ್ತೆಂಬುದು ಗೊತ್ತು, ಯಾವ ದಿಕ್ಕಿನಿಂದ ಬಿತ್ತೆಂಬುದು ಗೊತ್ತಿಲ್ಲ. ಲೆನ್ಸಿನ ಎಡ ಅಂಚಿನಿಂದ ಬಂದ ಕಿರಣವೂ ಬಲ ಅಂಚಿನಿಂದ ಬಂದ ಕಿರಣವೂ ಒಂದೇ ಪಿಕ್ಸೆಲ್‌ನಲ್ಲಿ ಬೆರೆತುಹೋಗುತ್ತವೆ. ಲೈಟ್ರೋದಂಥ ಲೈಟ್ ಫೀಲ್ಡ್ ಕ್ಯಾಮೆರಾದಲ್ಲಿ ಸೆನ್ಸರ್‌ನ ಮುಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಲೆನ್ಸುಗಳ ಒಂದು ಹಾಳೆ ಇರುತ್ತದೆ. ಪ್ರತಿ ಕಿರುಲೆನ್ಸ್ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೆ ತಕ್ಕಂತೆ ಬಿಡಿಸಿ ಹಿಂದಿನ ಬೇರೆ ಬೇರೆ ಪಿಕ್ಸೆಲ್‌ಗಳಿಗೆ ಕಳಿಸುತ್ತದೆ. ದಿಕ್ಕು ತಿಳಿದ ಮೇಲೆ ಕಿರಣಗಳನ್ನು ಬೇಕಾದಂತೆ ಮತ್ತೆ ಕೂಡಿಸುವುದು ಕಂಪ್ಯೂಟರಿನ ಕೆಲಸ. ಕಿರುಲೆನ್ಸುಗಳ ಈ ಯೋಚನೆ ಗೇಬ್ರಿಯಲ್ ಲಿಪ್‌ಮನ್ ಅವರದು, 1908ರಷ್ಟು ಹಳೆಯದು. ಆ ವರ್ಷವೇ ಅವರಿಗೆ ವರ್ಣ ಛಾಯಾಗ್ರಹಣದ ಸಂಶೋಧನೆಗಾಗಿ ಭೌತಶಾಸ್ತ್ರದ ನೊಬೆಲ್ ಬಂತು. ಅದನ್ನು ಕೈಯಲ್ಲಿ ಹಿಡಿಯಬಹುದಾದ ಡಿಜಿಟಲ್ ಕ್ಯಾಮೆರಾಕ್ಕೆ ಇಳಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ರೆನ್ ಎಂಗ್. ಮುಂದೆ ಲೈಟ್ರೋ ಸ್ಥಾಪಿಸಿದವರೂ ಅವರೇ.

ಗೊರೂರಿನ ಜಲಾಶಯ ತುಂಬಿದಾಗ ಹಿಡಿಯುವುದು ಸುಮಾರು 37 ಟಿಎಂಸಿ ನೀರು. ಎಡದಂಡೆ ನಾಲೆಗೆಷ್ಟು, ಬಲದಂಡೆಗೆಷ್ಟು ಎಂದು ಹೇಗೆ ಹಂಚಿದರೂ ಒಟ್ಟು ನೀರು ಹೆಚ್ಚುವುದಿಲ್ಲ. ಪಿಕ್ಸೆಲ್‌ಗಳ ಲೆಕ್ಕವೂ ಅಷ್ಟೇ: ದಿಕ್ಕಿಗೆ ಕೊಟ್ಟದ್ದು ವಿವರಕ್ಕೆ ಸಿಗುವುದಿಲ್ಲ. ಎಂಗ್ ಅವರ ಪ್ರಯೋಗದ ಕ್ಯಾಮೆರಾದಲ್ಲಿ 1.6 ಕೋಟಿ ಪಿಕ್ಸೆಲ್‌ಗಳ ಸೆನ್ಸರ್ ಮುಂದೆ ಉದ್ದಕ್ಕೂ ಅಗಲಕ್ಕೂ 296ರಂತೆ ಕಿರುಲೆನ್ಸುಗಳಿದ್ದವು. ಕೈಗೆ ಬಂದ ಚಿತ್ರದಲ್ಲಿ ಸುಮಾರು 90 ಸಾವಿರ ಪಿಕ್ಸೆಲ್. ಲೈಟ್ರೋದಲ್ಲಿಯೂ ಕಿರುಲೆನ್ಸುಗಳು ಲಕ್ಷದ ಆಸುಪಾಸಿನಲ್ಲೇ ಇದ್ದವು. ಅಷ್ಟರಿಂದ ಹನ್ನೊಂದು ಲಕ್ಷ ಪಿಕ್ಸೆಲ್‌ಗಳ ಚಿತ್ರ ಹೊರಟದ್ದು ಲೆಕ್ಕಾಚಾರದ ಬಲದಿಂದ. ಒಂದೇ ವಸ್ತುವನ್ನು ಅಕ್ಕಪಕ್ಕದ ಕಿರುಲೆನ್ಸುಗಳು ಒಂದಿಷ್ಟು ಆಚೀಚೆಯಾಗಿ ಕಂಡಿರುತ್ತವೆ. ಆ ವ್ಯತ್ಯಾಸಗಳನ್ನು ಹೆಣೆದು ತಂತ್ರಾಂಶ ಕಳೆದ ವಿವರವನ್ನು ಭಾಗಶಃ ಮರಳಿ ಪಡೆಯುತ್ತದೆ.

ಇದರಿಂದ ಒಂದು ವಿಚಿತ್ರ ಪರಿಣಾಮ ಉಂಟಾಗುತ್ತದೆ. ಮಾಮೂಲಿ ಕ್ಯಾಮೆರಾದಲ್ಲಿ ಮುಖ್ಯ ಲೆನ್ಸ್ ಯಾವ ದೂರಕ್ಕೆ ಹೊಂದಿಕೊಂಡಿದೆಯೋ ಅಲ್ಲೇ ಚಿತ್ರ ಅತ್ಯಂತ ಚೂಪು. ಈ ಕ್ಯಾಮೆರಾದಲ್ಲಿ ಸರಿಯಾಗಿ ಅದೇ ದೂರದಲ್ಲಿರುವ ವಸ್ತುವಿನ ಒಂದು ಬಿಂದುವಿನ ಬೆಳಕೆಲ್ಲ ಒಂದೇ ಕಿರುಲೆನ್ಸಿಗೆ ಬೀಳುತ್ತದೆ. ಹೆಣೆಯಲು ವ್ಯತ್ಯಾಸವೇ ಇರುವುದಿಲ್ಲ. ಹಾಗಾಗಿ ಅದಕ್ಕಿಂತ ತುಸು ಮುಂದೆಯೋ ಹಿಂದೆಯೋ ಇರುವ ವಸ್ತು ಹೆಚ್ಚು ಚೂಪಾಗಿ ಬರುತ್ತದೆ.

ಪಿಕ್ಸೆಲ್‌ಗಳನ್ನು ಇನ್ನೂ ಸಣ್ಣದು ಮಾಡಿ ತುಂಬಿಸಬಹುದಲ್ಲ ಎನಿಸಬಹುದು. ಲೈಟ್ರೋದ ಪಿಕ್ಸೆಲ್ ಆಗಲೇ 1.4 ಮೈಕ್ರಾನ್ ಅಗಲದ್ದು. ಎಫ್/2 ಅಪರ್ಚರ್‌ನಲ್ಲಿ ಹಸಿರು ಬೆಳಕಿನ ಬಿಂದು ಎಂಥ ಒಳ್ಳೆಯ ಲೆನ್ಸಿನಲ್ಲೂ ಸುಮಾರು 2.7 ಮೈಕ್ರಾನಿನಷ್ಟು ಹರಡುತ್ತದೆ. ಅದು ಬೆಳಕಿನ ಸ್ವಭಾವ, ಕಾರ್ಖಾನೆಯಲ್ಲಿ ತಿದ್ದುವಂಥದ್ದಲ್ಲ.

ದೂರದ ದೃಶ್ಯಗಳಲ್ಲಿ ಈ ಕ್ಯಾಮೆರಾದ ಲಾಭವೂ ಕರಗುತ್ತದೆ. ಹಿನ್ನೀರಿನ ಆಚೆ ದಡದಿಂದ ಚರ್ಚನ್ನು ತೆಗೆದರೆ ಲೆನ್ಸಿನ ಎಡ ಅಂಚಿಗೂ ಬಲ ಅಂಚಿಗೂ ಅದು ಒಂದೇ ತೆರ ಕಾಣುತ್ತದೆ. ಆಮೇಲೆ ಫೋಕಸ್ ಬದಲಿಸಲು ಏನೂ ಇರುವುದಿಲ್ಲ, ವಿವರ ಕಳೆದುಕೊಂಡದ್ದಷ್ಟೇ ಉಳಿಯುತ್ತದೆ. ಹತ್ತಿರದ ಹುಲ್ಲಿನಲ್ಲಿ ಫೋಕಸ್ ಆಟ ನಡೆಯುತ್ತದೆ, ಆದರೆ ತೆಳ್ಳನೆಯ ಎಸಳು ಎಲ್ಲಿ ಮುಗಿದು ಹಿಂದಿನ ಗೋಡೆ ಎಲ್ಲಿ ಶುರುವಾಯಿತೆಂದು ತಂತ್ರಾಂಶ ತಪ್ಪಾಗಿ ಎಣಿಸಿದರೆ ಅಂಚುಗಳು ಕಲಸಿಹೋಗುತ್ತವೆ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಈ ಮಾತನ್ನು ಇನ್ನೂ ಚೆನ್ನಾಗಿ ಒರೆಗೆ ಹಚ್ಚಬಹುದು. 1246ರ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯಲ್ಲಿ ಬೈಚೋಜ, ಮಲ್ಲಿತಮ್ಮರಂಥ ಶಿಲ್ಪಿಗಳು ಕಡೆದ ವಿಗ್ರಹಗಳಿವೆ. ಎದೆಯ ಹಾರ ಮೈಗಂಟದೆ ಎದ್ದು ನಿಂತಂತಿದೆ, ಅದರ ಹಿಂದೆ ನೆರಳು, ನೆರಳಿನ ಹಿಂದೆ ಮೈ, ಅದರ ಹಿಂದೆ ಪ್ರಭಾವಳಿಯ ಬಳ್ಳಿ. ಹತ್ತಿರದಿಂದ ತೆಗೆದರೆ ಎಲ್ಲವೂ ಒಂದೇ ಫೋಕಸ್‌ಗೆ ಸಿಗದು. ಲೈಟ್ ಫೀಲ್ಡ್ ಕ್ಯಾಮೆರಾ ಹೇಳಿ ಮಾಡಿಸಿದಂತೆ ತೋರುವ ಜಾಗ ಇದು. ಆದರೆ ಶಿಲ್ಪದ ದಾಖಲೆಗೆ ಬೇಕಾದದ್ದೇ ಉಳಿಯ ಗುರುತು, ಮಣಿಯ ಅಂಚು, ಬಿರುಕು. ವಿಗ್ರಹ ಕದಲುವುದಿಲ್ಲವಾದ್ದರಿಂದ ಟ್ರೈಪಾಡ್ ಮೇಲೆ ಮಾಮೂಲಿ ಕ್ಯಾಮೆರಾ ಇಟ್ಟು, ಫೋಕಸ್ಸನ್ನು ಹಂತಹಂತವಾಗಿ ಸರಿಸುತ್ತ ಹಲವು ಫೋಟೊ ತೆಗೆದು, ಪ್ರತಿಯೊಂದರ ಚೂಪಾದ ಭಾಗವನ್ನು ಕೂಡಿಸುವುದೇ ಇಲ್ಲಿ ಮೇಲು. ಫೋಕಸ್ ಸ್ಟ್ಯಾಕಿಂಗ್ ಎಂಬ ಈ ವಿಧಾನದಲ್ಲಿ ಒಂದು ಪಿಕ್ಸೆಲನ್ನೂ ಬಿಟ್ಟುಕೊಡಬೇಕಿಲ್ಲ.

ಲೈಟ್ರೋ 2014ರಲ್ಲಿ ಇಲ್ಯೂಮ್ ಎಂಬ ದೊಡ್ಡ ಕ್ಯಾಮೆರಾ ತಂದಿತು. ಸೆನ್ಸರ್ 4 ಕೋಟಿಯದ್ದು, ಚಿತ್ರ ಸುಮಾರು 40 ಲಕ್ಷ ಪಿಕ್ಸೆಲ್‌ಗಳದ್ದು, ಬೆಲೆ 1,599 ಡಾಲರ್. ಜನ ಕೊಳ್ಳಲಿಲ್ಲ, 2018ರಲ್ಲಿ ಕಂಪನಿ ಮುಚ್ಚಿತು. ಜರ್ಮನಿಯ ರೇಟ್ರಿಕ್ಸ್ ಕಂಪನಿಯ ಲೈಟ್ ಫೀಲ್ಡ್ ಕ್ಯಾಮೆರಾಗಳು ಕೈಗಾರಿಕೆ, ಪ್ರಯೋಗಾಲಯಗಳ ಅಳತೆಗೆ ಬಳಕೆಯಾದವು. ಅಲ್ಲಿ ಚಿತ್ರದ ಅಂದಕ್ಕಿಂತ ಆಳದ ಲೆಕ್ಕ ಮುಖ್ಯ. ಇದೇ ತತ್ತ್ವದ ಸೂಕ್ಷ್ಮದರ್ಶಕದಿಂದ 2014ರಲ್ಲಿ ಜೀಬ್ರಾಮೀನಿನ ಮರಿಯ ಇಡೀ ಮಿದುಳಿನ ನರಚಟುವಟಿಕೆಯನ್ನು ಸೆಕೆಂಡಿಗೆ 20 ಬಾರಿ ಸೆರೆಹಿಡಿದರು. ಕ್ಷಣಕ್ಷಣಕ್ಕೂ ಬದಲಾಗುವ ಅಂಥ ವಸ್ತುವಿಗೆ ಸ್ಟ್ಯಾಕಿಂಗ್ ನಡೆಯದು. ಸ್ವಲ್ಪ ಮಸುಕಾದರೂ ಎಲ್ಲವೂ ಒಟ್ಟಿಗೆ ಸಿಕ್ಕಬೇಕು.

ಕಿಸೆಯಲ್ಲಿರುವ ಫೋನುಗಳಿಗೂ ಈ ಯೋಚನೆಯ ತುಣುಕು ಬಂದಿದೆ. ಗೂಗಲ್ 2017ರ ಪಿಕ್ಸೆಲ್ 2 ಫೋನಿನಲ್ಲಿ ಪ್ರತಿ ಪಿಕ್ಸೆಲನ್ನು ಎರಡು ಭಾಗ ಮಾಡಿದ ಸೆನ್ಸರ್ ಬಳಸಿ, ಎಡದ ನೋಟ, ಬಲದ ನೋಟಗಳ ಅಂತರದಿಂದ ದೂರ ಅಂದಾಜಿಸಿ ಹಿನ್ನೆಲೆಯನ್ನು ಮಸುಕಾಗಿಸಿತು. ದಿಕ್ಕುಗಳು ಎರಡೇ ಆದ್ದರಿಂದ ವಿವರಕ್ಕೆ ಪೆಟ್ಟಿಲ್ಲ. ಮುಂಗುರುಳಿನ ಅಂಚು ಹಿನ್ನೆಲೆಯೊಡನೆ ಕಲಸುವ ತೊಂದರೆ ಮಾತ್ರ ಪೂರ್ತಿ ಹೋಗಿಲ್ಲ.

ರೆನ್ ಎಂಗ್ ವಿಶ್ವವಿದ್ಯಾಲಯದ ಕೆಲಸಕ್ಕೆ ಮರಳಿದರು. ನರ್ಫ್ ಎಂಬ ಹೆಸರಿನಲ್ಲಿ 2020ರಲ್ಲಿ ಬಂದ ಪ್ರಬಂಧದ ಲೇಖಕರಲ್ಲಿ ಅವರೂ ಒಬ್ಬರು. ಅದರಲ್ಲಿ ಕಿರುಲೆನ್ಸುಗಳಿಲ್ಲ. ವಸ್ತುವಿನ ಸುತ್ತ ನಡೆದು ಮಾಮೂಲಿ ಕ್ಯಾಮೆರಾದಲ್ಲಿ ತೆಗೆದ ಹತ್ತಾರು ಫೋಟೊಗಳಿಂದ, ಎಲ್ಲೆಲ್ಲಿಂದ ಹೇಗೆ ಬೆಳಕು ಬರುತ್ತದೆಂದು ಕಂಪ್ಯೂಟರ್ ಕಲಿಯುತ್ತದೆ, ಯಾರೂ ನಿಲ್ಲದ ಜಾಗದ ನೋಟವನ್ನೂ ಬಿಡಿಸುತ್ತದೆ. ಒಂದೊಂದು ಫೋಟೊ ತೆಗೆಯುವಾಗಲೂ ಸೆನ್ಸರ್‌ನ ಎಲ್ಲ ಪಿಕ್ಸೆಲ್‌ಗಳೂ ವಿವರಕ್ಕೇ ದುಡಿದಿರುತ್ತವೆ. ಮೂಲ ವಿಧಾನದ ಷರತ್ತು ಒಂದೇ: ಫೋಟೊ ತೆಗೆದು ಮುಗಿಯುವ ತನಕ ವಸ್ತು ಕದಲಬಾರದು, ಬಿಸಿಲು ಬದಲಾಗಬಾರದು.