ನಾಸಿಕ್–ಸಂಭಾಜಿನಗರ: ಆಕಾಶಮಾರ್ಗದ ಲೆಕ್ಕ

ನಾಸಿಕ್ ವಿಮಾನ ನಿಲ್ದಾಣವಿರುವುದು ಊರಿನಿಂದ ಸುಮಾರು 20 ಕಿ.ಮೀ. ಆಚೆ, ಓಝರ್‌ನಲ್ಲಿ. 1960ರ ದಶಕದಲ್ಲಿ ಮಿಗ್ ಯುದ್ಧವಿಮಾನ ತಯಾರಿಸಲು ಹಿಂದೂಸ್ತಾನ್ ಏರೋನಾಟಿಕ್ಸ್ ಇಲ್ಲಿ ಕಾರ್ಖಾನೆ ಕಟ್ಟಿತು. ಆ ಕಾರ್ಖಾನೆಯ ರನ್‌ವೇಯನ್ನೇ ಈಗ ಪ್ರಯಾಣಿಕ ವಿಮಾನಗಳೂ ಬಳಸುತ್ತವೆ. ಹಿಂದೆ ಔರಂಗಾಬಾದ್ ಆಗಿದ್ದ ಛತ್ರಪತಿ ಸಂಭಾಜಿನಗರದ ನಿಲ್ದಾಣ ಚಿಕಲ್‌ಠಾಣಾದಲ್ಲಿದೆ. ರಾಷ್ಟ್ರಕೂಟರ ಕೈಲಾಸನಾಥ ದೇಗುಲ ನೋಡಲು ಎಲ್ಲೋರಾಕ್ಕೆ ವಿಮಾನದಲ್ಲಿ ಹೊರಟವರಿಗೆ ಹತ್ತಿರದ ನಿಲ್ದಾಣ ಇದೇ.

ಎರಡರ ನಡುವಿನ ನೇರ ದೂರವನ್ನು ಕಾಗದ-ಪೆನ್ನು ಹಿಡಿದೇ ಕಂಡುಕೊಳ್ಳಬಹುದು. ಓಝರ್ 20.12 ಡಿಗ್ರಿ ಉತ್ತರ ಅಕ್ಷಾಂಶ, 73.91 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಚಿಕಲ್‌ಠಾಣಾ 19.86 ಮತ್ತು 75.40ರಲ್ಲಿ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ರೇಖಾಂಶಗಳು ಧ್ರುವದ ಕಡೆ ಸಾಗಿದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ಇಲ್ಲಿ ಅವುಗಳ ಒಂದು ಡಿಗ್ರಿಗೆ 104.5 ಕಿ.ಮೀ. ಮಾತ್ರ. ಹಾಗಾಗಿ ದಕ್ಷಿಣಕ್ಕೆ ಸುಮಾರು 29, ಪೂರ್ವಕ್ಕೆ ಸುಮಾರು 156 ಕಿ.ಮೀ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಹಚ್ಚಿದರೆ ಸಿಗುವ ಉತ್ತರ ಸುಮಾರು 158 ಕಿ.ಮೀ., ಅಂದರೆ 85 ನಾಟಿಕಲ್ ಮೈಲಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಮೈಸೂರಿನ ಮಂಡಕಳ್ಳಿಗೂ ಹೆಚ್ಚುಕಡಿಮೆ ಇಷ್ಟೇ ದೂರ. ಇನ್ನೂ ದೂರದ ಊರುಗಳಿಗೆ ಭೂಮಿಯ ಗೋಳಾಕಾರವನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಸಮಯದ ಲೆಕ್ಕ ಇಷ್ಟು ಸರಳವಲ್ಲ. ಜೆಟ್ ವಿಮಾನದ ವೇಗ ಗಂಟೆಗೆ 800 ಕಿ.ಮೀ. ಎಂದು ಭಾಗಿಸಿದರೆ 12 ನಿಮಿಷ ಬರುತ್ತದೆ. ಆದರೆ ಆ ವೇಗ 35,000 ಅಡಿ ಎತ್ತರದ ತೆಳುವಾದ ಗಾಳಿಯಲ್ಲಿ ಹಾರುವಾಗಿನದು. ಪ್ರತಿ 1,000 ಅಡಿ ಇಳಿಯಲು ಸುಮಾರು 3 ನಾಟಿಕಲ್ ಮೈಲಿ ಬೇಕೆಂಬುದು ಪೈಲಟ್‌ಗಳ ರೂಢಿಯ ಲೆಕ್ಕ. ಅಷ್ಟು ಎತ್ತರದಿಂದ ಇಳಿಯುವುದಕ್ಕೇ ಸುಮಾರು 105 ನಾಟಿಕಲ್ ಮೈಲಿ ಬೇಕು. ಇಲ್ಲಿರುವ ಇಡೀ ದಾರಿಯೇ 85! ವಿಮಾನ ಕೆಳಮಟ್ಟದಲ್ಲೇ ಹಾರಬೇಕಾಗುತ್ತದೆ, 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮೀರುವಂತಿಲ್ಲ. ಅದು ಗಂಟೆಗೆ ಸುಮಾರು 463 ಕಿ.ಮೀ. ಹೀಗಾಗಿ ಇಂಥ ದಾರಿಯಲ್ಲಿ ಜೆಟ್‌ಗೂ ಪ್ರೊಪೆಲ್ಲರ್ ಇರುವ ಎಟಿಆರ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ.

ಗಾಳಿಯ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಎರಡೂ ಕಡೆ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ವಿಮಾನ ಏರುವುದು, ಇಳಿಯುವುದು ಗಾಳಿಗೆ ಎದುರಾಗಿ. ಮುಂಗಾರಿನ ಪಶ್ಚಿಮದ ಗಾಳಿ ಬೀಸುವಾಗ ಓಝರ್‌ನಿಂದ ಪಶ್ಚಿಮಕ್ಕೆ ಏರಿ, ಪೂರ್ವಕ್ಕೆ ತಿರುಗಿ, ಚಿಕಲ್‌ಠಾಣಾ ದಾಟಿ, ಮತ್ತೆ ಹಿಂತಿರುಗಿ ಇಳಿಯಬೇಕು. ರನ್‌ವೇ ತನಕ ಉರುಳುವ ಹೊತ್ತನ್ನೂ ಸೇರಿಸಿದರೆ ಮುಕ್ಕಾಲು ಗಂಟೆ ಹಿಡಿಯುವುದು ಸಹಜ. ವೇಳಾಪಟ್ಟಿಯಲ್ಲಿ ಅಚ್ಚಾಗುವುದು ಈ ಪೂರ್ತಿ ಅವಧಿ, ಬರೀ ಹಾರಾಟದ್ದಲ್ಲ.

ಇದರ ಮೇಲೆ ನಾಸಿಕ್‌ನಿಂದ ಓಝರ್‌ಗೆ ರಸ್ತೆ ಪ್ರಯಾಣ, ಒಂದು ಗಂಟೆ ಮೊದಲೇ ಮುಚ್ಚುವ ಚೆಕ್-ಇನ್ ಕೌಂಟರ್, ಭದ್ರತಾ ತಪಾಸಣೆ, ಇಳಿದ ಮೇಲೆ ಲಗೇಜಿಗೆ ಕಾಯುವುದು. ಮನೆಯಿಂದ ಮನೆಗೆ ಮೂರು ಗಂಟೆ ದಾಟುತ್ತದೆ. ನಾಸಿಕ್ ರೋಡ್‌ನಿಂದ ಮನ್ಮಾಡ್ ಮೇಲೆ ಹೋಗುವ ವೇಗದ ರೈಲು ಮೂರು ಗಂಟೆಯ ಆಸುಪಾಸಿನಲ್ಲೇ ಸಂಭಾಜಿನಗರ ಮುಟ್ಟಿಸುತ್ತದೆ.