ಸೌದೆ ಸೀಳುವ ಯಂತ್ರ

ಪಂಚತಂತ್ರದಲ್ಲಿ ಬರುವ ಕಪಿಯ ಕಥೆಯನ್ನು ನೀವೆಲ್ಲರೂ ಬಾಲ್ಯದಲ್ಲಿ ಕೇಳಿರುವಿರಿ. ಬಡಗಿಗಳು ಅರ್ಧ ಕೊಯ್ದ ತೊಲೆಯ ಬಿರುಕಿಗೆ ಬೆಣೆಯೊಂದನ್ನು ಹೊಡೆದು ಊಟಕ್ಕೆ ಹೋದರು. ಅತ್ತ ಬಂದ ಕಪಿಯು ಬಿರುಕಿನ ನಡುವೆ ಕುಳಿತು ಬೆಣೆಯನ್ನು ಅಲ್ಲಾಡಿಸಿ ಕಿತ್ತಿತು. ಮರವು ಒಡನೆಯೇ ಮುಚ್ಚಿಕೊಂಡು ಕಪಿಯ ಪ್ರಾಣವು ಹೋಯಿತು. ತನಗೆ ಸಂಬಂಧವಿಲ್ಲದ ಕೆಲಸಕ್ಕೆ ಕೈಹಾಕಬಾರದೆಂಬುದು ಆ ಕಥೆಯ ನೀತಿ. ಭೌತಶಾಸ್ತ್ರವನ್ನು ಬೋಧಿಸುವ ನನಗೆ ಅದರಲ್ಲಿ ಮತ್ತೊಂದು ನೀತಿಯೂ ತೋರುವುದು: ಮರದ ನಾರಿನಲ್ಲಿ ಅಡಗಿರುವ ಬಲವು ಅಲ್ಪವಾದುದಲ್ಲ, ಅದನ್ನು ಗೆಲ್ಲುವಷ್ಟು ಬಲವನ್ನು ವಶಮಾಡಿಕೊಂಡವನು ತನ್ನ ಕೈಕಾಲುಗಳನ್ನು ಎಲ್ಲಿ ಇರಿಸಬೇಕೆಂಬುದನ್ನು ಮೊದಲು ಅರಿತಿರಬೇಕು. ಜಾಣನಾದ ಗೃಹಸ್ಥನು ತನ್ನ ಮನೆಯ ಹಿತ್ತಿಲಲ್ಲಿಯೇ ಕಟ್ಟಿಕೊಳ್ಳಬಹುದಾದ, ಎಂಜಿನ್ನಿನಿಂದ ನಡೆಯುವ ಸೌದೆ ಸೀಳುವ ಯಂತ್ರವನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಇಂತಹ ಯಂತ್ರಗಳು ಹೆಚ್ಚಾಗಿ ಬಳಕೆಯಲ್ಲಿರುವುದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿ ಮತ್ತು ಕೆನಡಾ ದೇಶದಲ್ಲಿ. ಸೌದೆಯೆಂದರೆ ನಮಗೆ ಅಡಿಗೆಯ ಒಲೆಯೋ ಬಚ್ಚಲುಮನೆಯ ಹಂಡೆಯೋ ನೆನಪಿಗೆ ಬರುವುದು. ಅಲ್ಲಿಯ ಹಳ್ಳಿಗಾಡಿನ ಎಷ್ಟೋ ಮನೆಗಳಲ್ಲಿ ಹಿಮದ ದಿನಗಳನ್ನು ಕಳೆಯುವುದೇ ಸೌದೆಯ ಆಸರೆಯಿಂದ. ಅದನ್ನು ‘ಕಾರ್ಡ್’ ಎಂಬ ಅಳತೆಯಿಂದ ಲೆಕ್ಕಹಾಕುವರು: 8 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರ, ಎಂದರೆ 128 ಘನ ಅಡಿಗಳ ಒಟ್ಟಿಲು. ಒಂದು ಚಳಿಗಾಲಕ್ಕೆ ಇಂತಹ ಹಲವು ಒಟ್ಟಿಲುಗಳು ಬೇಕಾಗಬಹುದು. ದಿಮ್ಮಿಯನ್ನು ಇಡಿಯಾಗಿ ಬಿಟ್ಟರೆ ತೊಗಟೆಯೊಳಗಿನ ನೀರು ಬೇಗನೆ ಆರದು. ಹಸಿ ಸೌದೆಯು ತನ್ನ ಶಾಖದ ಒಂದು ಪಾಲನ್ನು ತನ್ನದೇ ನೀರನ್ನು ಆವಿಮಾಡುವುದರಲ್ಲಿ ಕಳೆದುಕೊಂಡು, ಮನೆಗೆ ಹೊಗೆಯನ್ನು ಮಾತ್ರ ಧಾರಾಳವಾಗಿ ಕೊಡುವುದು. ಆದುದರಿಂದ ಸೀಳುವುದು ಅನಿವಾರ್ಯ. ಯೌವನದಲ್ಲಿ ಕೊಡಲಿಯಿಂದ ಅದು ಒಳ್ಳೆಯ ವ್ಯಾಯಾಮ; ಬೆನ್ನು ಬಾಗಿದ ಮೇಲೆ ಅದೇ ದೊಡ್ಡ ಶಿಕ್ಷೆ. ಹಳೆಯ ಉಕ್ಕಿನ ತೊಲೆ, ಸಣ್ಣ ಪೆಟ್ರೋಲ್ ಎಂಜಿನ್ನು, ಎಣ್ಣೆಯ ಒತ್ತಡದಿಂದ ನಡೆಯುವ ಸಿಲಿಂಡರು, ಇವುಗಳನ್ನು ಕೂಡಿಸಿ ಬೆಸುಗೆ ಹಾಕಿ ಯಂತ್ರವನ್ನು ಕಟ್ಟುವ ಹವ್ಯಾಸವು ಅಲ್ಲಿ ಬೆಳೆದುದು ಈ ಕಷ್ಟದಿಂದಲೇ.

ಮರವನ್ನು ಕತ್ತರಿಸುವುದು ಬೇರೆ, ಸೀಳುವುದು ಬೇರೆ. ಗರಗಸವು ನಾರುಗಳನ್ನು ಅಡ್ಡಲಾಗಿ ತುಂಡರಿಸುವುದು. ಬೆಣೆಯು ಅವನ್ನು ಒಂದರಿಂದೊಂದು ಅಗಲಿಸುವುದು. ನಾರು ನೇರವಾಗಿದ್ದರೆ, ಅಲ್ಲಿಯ ‘ಆಷ್’ ಮರದಂತೆ, ಬೆಣೆ ಹೊಕ್ಕೊಡನೆಯೇ ಬಿರುಕು ತಾನಾಗಿ ಮುಂದೆ ಓಡುವುದು. ನಾರುಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ, ‘ಎಲ್ಮ್’ ಮರದಂತೆ ಅಥವಾ ನಮ್ಮ ಹುಣಿಸೆಯಂತೆ, ಕೊಡಲಿಯು ಸಿಕ್ಕಿಕೊಂಡು ಕುಳಿತುಬಿಡುವುದು. ಕೊಡಲಿಯ ಬಲವೆಲ್ಲವೂ ಏಟಿನ ಒಂದು ಕ್ಷಣದಲ್ಲಿ ಮುಗಿಯುವುದು. ಯಂತ್ರವು ಹೊಡೆಯುವುದಿಲ್ಲ, ಬಿಡದೆ ಒತ್ತುವುದು. ಇದೇ ಅದರ ರಹಸ್ಯ.

ಈ ಒತ್ತುವಿಕೆಯ ತತ್ತ್ವವನ್ನು ನಿರೂಪಿಸಿದವನು ಫ್ರಾನ್ಸಿನ ಪಾಸ್ಕಲ್. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಡವನ್ನು ಹಾಕಿದರೆ ಅದು ಕುಂದದೆ ಎಲ್ಲ ಕಡೆಗೂ ಹರಡುವುದೆಂದು ವಿವರಿಸಿದ ಆತನ ಗ್ರಂಥವು, ಆತನು ತೀರಿಕೊಂಡ ಮರುವರ್ಷ, 1663ರಲ್ಲಿ ಪ್ರಕಟವಾಯಿತು. ಈ ತತ್ತ್ವವನ್ನು ಉಪಯೋಗಿಸಿ ಜೋಸೆಫ್ ಬ್ರಾಮಾ ಎಂಬಾತನು ಇಂಗ್ಲೆಂಡಿನಲ್ಲಿ 1795ರಲ್ಲಿ ತನ್ನ ಒತ್ತುಯಂತ್ರಕ್ಕೆ ಸನ್ನದನ್ನು ಪಡೆದನು. ನಮ್ಮ ಸೌದೆಯ ಯಂತ್ರವು ಅದರ ಮರಿಮಗುವೇ. 4 ಅಂಗುಲ ಒಳವ್ಯಾಸವುಳ್ಳ ಸಿಲಿಂಡರನ್ನು ತೆಗೆದುಕೊಳ್ಳಿ. ಅದರ ಪಿಸ್ಟನ್ನಿನ ಮುಖವು ಸುಮಾರು 12½ ಚದರ ಅಂಗುಲ. ಪಂಪು ಪ್ರತಿ ಚದರ ಅಂಗುಲಕ್ಕೆ 2,500 ಪೌಂಡಿನ ಒತ್ತಡವನ್ನು ಕೊಟ್ಟರೆ, ಪಿಸ್ಟನ್ನು 31,000 ಪೌಂಡಿಗೂ ಮೀರಿದ ಬಲದಿಂದ, ಎಂದರೆ ಸುಮಾರು 14 ಟನ್ನಿನಷ್ಟು ಬಲದಿಂದ, ಮುಂದೆ ಸರಿಯುವುದು. ದಸರಾ ಮೆರವಣಿಗೆಯ ಮೂರು ದೊಡ್ಡ ಆನೆಗಳ ತೂಕವು ಒಂದು ಬೆಣೆಯ ಮೊನೆಯಮೇಲೆ ನಿಂತಂತಾಯಿತು.

ಆದರೆ ಪ್ರಕೃತಿಯು ಯಾರಿಗೂ ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಬಲವನ್ನು ಪಡೆಯಬೇಕಾದರೆ ವೇಗವನ್ನು ತೆರಬೇಕು. ಪಿಸ್ಟನ್ನು 24 ಅಂಗುಲ ಚಲಿಸಬೇಕಾದರೆ ಸಿಲಿಂಡರಿಗೆ ಸುಮಾರು 5 ಲೀಟರು ಎಣ್ಣೆ ಹರಿಯಬೇಕು. ನಿಮಿಷಕ್ಕೆ 40 ಲೀಟರಿನಂತೆ ಹರಿದರೆ ಇದು 7 ಸೆಕೆಂಡಿನ ಕೆಲಸ. ಆದರೆ ಪೂರ್ಣ ಒತ್ತಡದಲ್ಲಿ ಅಷ್ಟು ಎಣ್ಣೆಯನ್ನು ನೂಕಲು 15 ಅಶ್ವಶಕ್ತಿಗೂ ಹೆಚ್ಚಿನ ಎಂಜಿನ್ನು ಬೇಕು. ನಿಮಿಷಕ್ಕೆ 11 ಲೀಟರು ಸಾಕೆಂದರೆ 5 ಅಥವಾ 6 ಅಶ್ವಶಕ್ತಿಯ ಎಂಜಿನ್ನು ಸಾಕು. ಆದರೆ ಅದೇ ಚಲನೆಗೆ 27 ಸೆಕೆಂಡು ಹಿಡಿಯುವುದು. ಈ ಉಭಯಸಂಕಟಕ್ಕೆ ಪರಿಹಾರವಾಗಿ ಬಂದುದು ಎರಡು ಹಂತದ ಪಂಪು. ದಿಮ್ಮಿಯು ಬೆಣೆಗೆ ತಾಗುವವರೆಗೆ ಅದು ಹೆಚ್ಚು ಎಣ್ಣೆಯನ್ನು ಕಡಮೆ ಒತ್ತಡದಲ್ಲಿ ಕಳುಹಿಸುವುದು; ಮರವು ಎದುರು ನಿಂತೊಡನೆ ತಾನಾಗಿಯೇ ಕಡಮೆ ಎಣ್ಣೆ, ಹೆಚ್ಚು ಒತ್ತಡ ಎಂಬ ನಿಯಮಕ್ಕೆ ಬದಲಾಗುವುದು. ಬೆಟ್ಟವನ್ನು ಹತ್ತುವಾಗ ಮೋಟಾರಿನ ಗೇರನ್ನು ಬದಲಾಯಿಸುವಂತೆಯೇ ಇದು.

ಇನ್ನು ಯಂತ್ರದ ಎಲುಬು. ‘ಐ’ ಆಕಾರದ ಅಡ್ಡಕೊಯ್ತವುಳ್ಳ ಉಕ್ಕಿನ ತೊಲೆಯ ಒಂದು ತುದಿಗೆ ಸಿಲಿಂಡರನ್ನೂ ಇನ್ನೊಂದು ತುದಿಗೆ ಬೆಣೆಯನ್ನೂ ನಿಲ್ಲಿಸುವರು. ಹೊಸಬರು ಎಡವುವುದು ಇಲ್ಲಿಯೇ. ಸಿಲಿಂಡರಿನ ನೂಕು ತೊಲೆಯ ಮಧ್ಯರೇಖೆಯಲ್ಲಿ ಹರಿಯುವುದಿಲ್ಲ; ಅದರ ಮೇಲೆ ಹಲವು ಅಂಗುಲ ಎತ್ತರದಲ್ಲಿ ಹರಿಯುವುದು. ಆದುದರಿಂದ 14 ಟನ್ನಿನ ಬಲವು ತೊಲೆಯನ್ನು ಎಳೆಯುವುದರ ಜೊತೆಗೆ ಬಿಲ್ಲಿನಂತೆ ಬಗ್ಗಿಸಲೂ ಯತ್ನಿಸುವುದು. ಬೆಣೆಯ ಬುಡದ ಬೆಸುಗೆಯನ್ನು ಕೀಳಲೂ ನೋಡುವುದು. ತೊಲೆಯನ್ನು ಆಯುವಾಗ ಕೈ ಬಿಗಿ ಹಿಡಿಯಬಾರದು. ಬೆಸುಗೆಯನ್ನು ಕಸಬು ಬಲ್ಲವನಿಂದಲೇ ಹಾಕಿಸಬೇಕು. ಪಿಸ್ಟನ್ನು ಪೂರ್ತಿ ಮುಂದೆ ಬಂದಾಗಲೂ ಬೆಣೆಗೆ ತಾಗದಂತೆ ಸ್ವಲ್ಪ ಅಂತರವನ್ನು ಬಿಡಬೇಕು. ಇಲ್ಲವಾದರೆ ಯಂತ್ರವು ತನ್ನನ್ನು ತಾನೇ ಸೀಳಿಕೊಳ್ಳುವುದು.

ಕಡೆಯದಾಗಿ ಬಹು ಮುಖ್ಯವಾದ ಮಾತು. ಕೊಡಲಿಯನ್ನು ಎತ್ತುವ ಕೈಗೆ ಸ್ಪರ್ಶಜ್ಞಾನವುಂಟು. ಯಂತ್ರಕ್ಕಾದರೋ ಎಲ್ಮ್ ಮರದ ಗಂಟೂ ಮನುಷ್ಯನ ಬೆರಳೂ ಒಂದೇ. ಅದಕ್ಕೆ ಇಲ್ಲದ ವಿವೇಕವನ್ನು ಕಟ್ಟುವವನೇ ಅದರಲ್ಲಿ ಅಳವಡಿಸಬೇಕು. ಒತ್ತಡವು ಮಿತಿಮೀರಿದೊಡನೆ ಎಣ್ಣೆಯನ್ನು ತೊಟ್ಟಿಗೆ ಹಿಂದಿರುಗಿಸುವ ಕವಾಟವಿರಲೇಬೇಕು. ಹಿಡಿಯನ್ನು ಬಿಟ್ಟ ಕ್ಷಣವೇ ಪಿಸ್ಟನ್ನು ನಿಲ್ಲುವಂತಿರಬೇಕು. ಹಿಡಿಯನ್ನು ಹಗ್ಗದಿಂದ ಕಟ್ಟಿ ಕೈಯನ್ನು ಬಿಡುವು ಮಾಡಿಕೊಳ್ಳುವುದು ಕಪಿಯ ಕೆಲಸ. ಒಬ್ಬನು ದಿಮ್ಮಿಯನ್ನಿಡುವುದು, ಮತ್ತೊಬ್ಬನು ಹಿಡಿಯನ್ನು ಒತ್ತುವುದು, ಈ ಸಹಕಾರವು ನೋಡಲು ಚೆನ್ನಾಗಿದ್ದರೂ ಬೆರಳುಗಳು ಹೋಗುವುದು ಹೀಗೆಯೇ. ದಿಮ್ಮಿಯನ್ನಿಟ್ಟ ಕೈಯೇ ಹಿಡಿಯನ್ನೂ ಹಿಡಿಯತಕ್ಕದ್ದು. ಎಂಜಿನ್ನಿನ ಹೊಗೆಯು ವಿಷವಾದುದರಿಂದ ಮುಚ್ಚಿದ ಕೊಟ್ಟಿಗೆಯಲ್ಲಿ ಅದನ್ನು ನಡೆಯಿಸಕೂಡದು.

ಕಣ್ಣಿಗೆ ಕಾಣದ ಇನ್ನೊಂದು ಅಪಾಯವುಂಟು. ಎಣ್ಣೆಯ ರಬ್ಬರು ಕೊಳವೆಯಲ್ಲಿ ಸೂಜಿಯ ಮೊನೆಯಷ್ಟು ರಂಧ್ರ ಬಿದ್ದರೂ ಅಲ್ಲಿಂದ ಹೊರಡುವ ಧಾರೆಯು ಚರ್ಮವನ್ನು ತೂರಿ ಒಳಹೋಗಬಲ್ಲದು. ಸೋರುವ ಸ್ಥಳವನ್ನು ಬೆರಳಿನಿಂದ ತಡವಿ ಹುಡುಕುವುದು ನಮ್ಮೆಲ್ಲರಿಗೂ ಸಹಜವಾದ ಅಭ್ಯಾಸ. ಇಲ್ಲಿ ಅದು ಆತ್ಮಘಾತಕವಾದುದು. ಎಂಜಿನ್ನನ್ನು ನಿಲ್ಲಿಸಿ, ಒತ್ತಡವನ್ನು ಇಳಿಸಿ, ಬಳಿಕ ಕೊಳವೆಯನ್ನು ಬದಲಾಯಿಸಬೇಕು. ಎಣ್ಣೆಯು ಒಳಹೊಕ್ಕ ಗಾಯವು ಮೊದಲು ಸೊಳ್ಳೆ ಕಚ್ಚಿದಷ್ಟೇ ತೋರಬಹುದು, ನೋವೂ ಹೆಚ್ಚಾಗಿರಲಾರದು. ಅದನ್ನು ನಂಬಿ ಮಲಗಿದವನು ಕೈಯನ್ನೇ ಕಳೆದುಕೊಳ್ಳಬಹುದು. ಗಾಯವು ಎಷ್ಟೇ ಚಿಕ್ಕದಾಗಿರಲಿ, ಆ ಗಳಿಗೆಯಲ್ಲಿಯೇ ಶಸ್ತ್ರವೈದ್ಯರ ಬಳಿಗೆ ಹೋಗಬೇಕು.

ಯಂತ್ರವನ್ನು ಕಟ್ಟುವುದರ ಫಲವು ಸೌದೆಯ ಒಟ್ಟಿಲೊಂದೇ ಅಲ್ಲ. ಬಲವು ಎಲ್ಲಿಂದ ಬಂದು ಯಾವ ದಾರಿಯಲ್ಲಿ ಹರಿದು ಎಲ್ಲಿ ತಗಲುವುದೆಂಬುದನ್ನು ಕಟ್ಟುವವನು ತನ್ನ ಕೈಯಿಂದಲೇ ಕಲಿಯುವನು. ಕಪಿಗೆ ಬೆಣೆಯನ್ನು ಕೀಳುವ ಶಕ್ತಿಯಿತ್ತು; ಕಿತ್ತರೆ ಏನಾಗುವುದೆಂಬ ಅರಿವು ಮಾತ್ರ ಇರಲಿಲ್ಲ. 14 ಟನ್ನಿನ ಬಲವನ್ನು ಹಿತ್ತಿಲಿಗೆ ಕರೆತರುವವನು ಆ ಅರಿವನ್ನೂ ಜೊತೆಯಲ್ಲಿಯೇ ಕರೆತರಲಿ.