ನಿಮಗಿದು ಗೊತ್ತೇ? ಕೈ ಇಸುಬಿಗೆ ಹಚ್ಚುವ ಟ್ಯೂಬಿನ ಮುಲಾಮು

ಗುಂಡುಮಾಲ್, ಮಕ್ತಲ್ ಸೀಮೆಯಿಂದ ಮುಂಬೈ, ಪುಣೆಗೆ ದುಡಿಯಲು ಹೋದವರನ್ನು ‘ಪಾಲಮೂರು ಲೇಬರ್’ ಎಂದೇ ಕರೆಯುತ್ತಾರೆ. ಅವರ ನಾರಾಯಣಪೇಟೆ 2019ರಲ್ಲಿ ಪಾಲಮೂರು ಎಂಬ ಮಹಬೂಬನಗರದಿಂದ ಬೇರ್ಪಟ್ಟು ತೆಲಂಗಾಣದ ಜಿಲ್ಲೆಯಾದರೂ ಹಳೇ ಹೆಸರು ಬಿಟ್ಟಿಲ್ಲ. ಇವರು ಕಲಸುವ ಸಿಮೆಂಟಿನಲ್ಲಿ ಕ್ರೋಮಿಯಂ ಇರುತ್ತದೆ. ಅದರ ಅಲರ್ಜಿಯಿಂದ ಕೈಗೆ ಇಸುಬು ಹತ್ತಿದರೆ ವರ್ಷಗಟ್ಟಲೆ ಕಾಡಬಹುದು.

ಇದಕ್ಕೆ ಮದ್ದು ಸಿಮೆಂಟಿನೊಳಗೇ ಬೆರೆಸಬಹುದು! ಫೆರಸ್ ಸಲ್ಫೇಟ್ ಸೇರಿಸಿದರೆ ಆ ಕ್ರೋಮಿಯಂ ಚರ್ಮಕ್ಕಿಳಿಯುವ ರೂಪ ಕಳೆದುಕೊಳ್ಳುತ್ತದೆ. ಡೆನ್ಮಾರ್ಕ್ 1980ರ ದಶಕದ ಆರಂಭದಲ್ಲೇ ಹೀಗೆ ಮಾಡಿತು. ಯುರೋಪ್ ಒಕ್ಕೂಟ 2005ರಿಂದ ಹತ್ತು ಲಕ್ಷ ಭಾಗಕ್ಕೆ 2 ಭಾಗದ ಮಿತಿ ಹಾಕಿತು.

ಮೂರು ತಿಂಗಳು ದಾಟಿದರೆ, ಇಲ್ಲವೇ ವರ್ಷಕ್ಕೆ ಎರಡು ಸಲ ಮರುಕಳಿಸಿದರೆ ಅದು ‘ದೀರ್ಘಕಾಲದ’ ಕೈ ಇಸುಬು.

ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಕೈ ಒದ್ದೆಯಾಗಿರುವುದೂ ಚರ್ಮರೋಗ ತಜ್ಞರ ಲೆಕ್ಕದಲ್ಲಿ ಅಪಾಯದ ಕೆಲಸವೇ. ಮುಸುರೆ ತಿಕ್ಕುವವರು, ಬಟ್ಟೆ ಒಗೆಯುವವರು, ಸೀರೆಯ ನೂಲಿಗೆ ಬಣ್ಣ ಹಾಕುವವರು ಎಲ್ಲರೂ ಈ ಲೆಕ್ಕಕ್ಕೆ ಬಂದರು. ನೂಲಿಗೆ ಹಾಕುವ ವ್ಯಾಟ್ ಬಣ್ಣಕ್ಕೆ ಕಾಸ್ಟಿಕ್ ಸೋಡಾ ಬೇರೆ ಬೇಕು.

ಇಸುಬಿಗೆ ಕೊಡುವ ಟ್ಯೂಬಿನಲ್ಲಿರುವುದು ಸಾಮಾನ್ಯವಾಗಿ ಸ್ಟೀರಾಯ್ಡ್. ಅದನ್ನು ಚರ್ಮಕ್ಕೆ ಹಚ್ಚಿದರೆ ಫಲ ಕೊಡುತ್ತದೆಂದು ವೈದ್ಯರಾದ ಸುಲ್ಜ್‌ಬರ್ಗರ್ ಮತ್ತು ವಿಟ್ಟೆನ್ ತೋರಿಸಿದ್ದು 1952ರಲ್ಲಿ. ಅವರು ಬಳಸಿದ್ದು ಹೈಡ್ರೊಕಾರ್ಟಿಸೋನ್. ಇಂದಿನ ಕ್ಲೋಬೆಟಾಸಾಲ್ ಅದಕ್ಕಿಂತ ಸುಮಾರು 600 ಪಟ್ಟು ಜೋರು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹದ ಟ್ಯೂಬ್.

ಎಷ್ಟು ಹಚ್ಚಬೇಕು? ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಒಂದು ಎಳೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಎರಡೂ ಮಗ್ಗುಲಿಗೆ ಅಷ್ಟೇ ಸಾಕು. ಈ ಬೆರಳಳತೆಯನ್ನು ಲಾಂಗ್, ಫಿನ್ಲೆ ಎಂಬ ವೈದ್ಯರು 1991ರಲ್ಲಿ ಬರೆದಿಟ್ಟರು.

ವರ್ಷಗಟ್ಟಲೆ ಹಚ್ಚಬಹುದೇ? ದಿನಾ ಹಚ್ಚುತ್ತಲೇ ಹೋದರೆ ಚರ್ಮ ತೆಳ್ಳಗಾಗುತ್ತದೆ. ಹಾಗೆಂದು ವಾಸಿಯಾದೊಡನೆ ಪೂರ್ತಿ ಬಿಟ್ಟರೆ ಬಹುತೇಕರಿಗೆ ತಿರುಗಿ ಬರುತ್ತದೆ. 1999ರಲ್ಲಿ ಡೆನ್ಮಾರ್ಕಿನ ವೈದ್ಯರು 120 ರೋಗಿಗಳ ಮೇಲೆ ನಡುದಾರಿಯೊಂದನ್ನು ಪರೀಕ್ಷಿಸಿದರು. ಮೊದಲು ವಾಸಿಯಾಗುವ ತನಕ ದಿನವೂ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಮುಲಾಮು, ಹೆಚ್ಚೆಂದರೆ 9 ವಾರ. ವಾಸಿಯಾದವರನ್ನು ಮೂರು ಗುಂಪು ಮಾಡಿ 36 ವಾರ ನೋಡಿದರು. ಮುಲಾಮು ನಿಲ್ಲಿಸಿದವರಲ್ಲಿ ಇಸುಬು ಮರುಕಳಿಸದೆ ಉಳಿದವರು ಶೇ 26 ಮಾತ್ರ. ಶನಿವಾರ, ಭಾನುವಾರ ಹಚ್ಚಿದವರಲ್ಲಿ ಶೇ 68. ವಾರಕ್ಕೆ ಮೂರು ದಿನ ಹಚ್ಚಿದವರಲ್ಲಿ ಶೇ 83! ನಮ್ಮಲ್ಲಿ ಟ್ಯೂಬ್ ಕೊಡುವವರು ಸಾಕಷ್ಟು ಜನರಿದ್ದಾರೆ, ಯಾವ ಯಾವ ದಿನ ಹಚ್ಚಬೇಕೆಂದು ಹೇಳುವವರೇ ಕಡಿಮೆ.

ಕೈಗೆಂದು ತಂದದ್ದನ್ನು ತೊಡೆಸಂದಿಗೂ ಸವರುವವರಿಗೆ ಒಂದು ಲೆಕ್ಕ. 1967ರ ಅಳತೆಯಂತೆ ಮುಂಗೈ ಒಂದು ಪಾಲು ಸ್ಟೀರಾಯ್ಡ್ ಹೀರಿದರೆ ಅಂಗೈ 0.83, ಹಣೆ 6, ವೃಷಣದ ಚರ್ಮ 42.

ಮುಖಕ್ಕೆ ಹಚ್ಚುವುದಂತೂ ಬೇಡವೇ ಬೇಡ. 2011ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆಯೆಂದು ಬಂದ 2,926 ಜನರಲ್ಲಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು.

2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ‘ಶೆಡ್ಯೂಲ್ ಎಚ್’ಗೆ ಸೇರಿಸಿತು. ಅಂದರೆ ಚೀಟಿಯಿಲ್ಲದೆ ಮೆಡಿಕಲ್ ಶಾಪಿನವರು ಕೊಡುವಂತಿಲ್ಲ. ಕೊಡುತ್ತಾರೆ, ಅದು ಬೇರೆ ಮಾತು.

ಮುಲಾಮಿನ ಜೊತೆಗೆ ಇಸುಬಿನ ಮೂಲವನ್ನೂ ನೋಡಬೇಕು. ಬೆಳ್ಳುಳ್ಳಿ ಸುಲಿಯುವವರ ಇಸುಬು ಚಾಕು ಹಿಡಿದ ಕೈಗಲ್ಲ, ಬೆಳ್ಳುಳ್ಳಿ ಹಿಡಿದ ಕೈಯ ಬೆರಳ ತುದಿಗೆ ಬರುತ್ತದೆ. ರಬ್ಬರ್ ಗವಸು ಹಾಕಿದರೂ ಬೆಳ್ಳುಳ್ಳಿಯೊಳಗಿನ ಗಂಧಕದ ರಾಸಾಯನಿಕ ಒಳಗೆ ನುಸುಳುತ್ತದೆ.

ಮುಲಾಮಿಗೆ ಮರಳಿದರೆ, ಸ್ಟೀರಾಯ್ಡ್ ಅಲ್ಲದ, ಕೈ ಇಸುಬಿಗೆಂದೇ ಮಾಡಿದ ಡೆಲ್ಗೊಸಿಟಿನಿಬ್ ಎಂಬ ಮುಲಾಮಿಗೆ ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿದೆ.

ಒಂದೇ ಕೈಯ ಚರ್ಮ ಒಡೆದು ಹುಡಿ ಉದುರುತ್ತಿದ್ದರೆ ಅದು ಇಸುಬೇ ಅಲ್ಲದಿರಬಹುದು. ಹುಳುಕಡ್ಡಿಯ ಬೂಷ್ಟು ಹಲವರಲ್ಲಿ ಎರಡು ಪಾದ, ಒಂದು ಕೈಗೆ ಹತ್ತುತ್ತದೆ. ಸ್ಟೀರಾಯ್ಡ್ ಸವರಿದರೆ ತುರಿಕೆ ತಗ್ಗಿ, ಬೂಷ್ಟು ಒಳಗೊಳಗೇ ಹಬ್ಬುತ್ತದೆ. ಕೈ ತೋರಿಸಲು ಹೋದಾಗ ಡಾಕ್ಟರು ಚಪ್ಪಲಿ ಬಿಡಿ ಎಂದರೆ ಬಿಟ್ಟುಬಿಡಿ.